ಮೆತ್ತಗಿರೋದು ಕೊಡಿ

"ನುಂಗಿ ಅಜ್ಜಿ. ಈಗ ನುಂಗಿ."

ಯಶಸ್ವಿನಿ ಎರಡು ಬೆರಳನ್ನು ಸಪ್ಪಲಮ್ಮನ ಗಂಟಲ ಮೇಲೆ ಹಗುರವಾಗಿ ಇಟ್ಟುಕೊಂಡು ಕಾಯುತ್ತಿದ್ದಳು. ನುಂಗುವುದನ್ನೂ ಮಾತಾಡುವುದನ್ನೂ ಮರೆತವರಿಗೆ ಅದನ್ನು ಮತ್ತೆ ಕಲಿಸುವುದು ಆಸ್ಪತ್ರೆಯಲ್ಲಿ ಅವಳ ಕೆಲಸ. ವಯಸ್ಸು ಇಪ್ಪತ್ತೈದರ ಆಸುಪಾಸು. ಸಪ್ಪಲಮ್ಮನ ಬಾಯಲ್ಲಿ ಅರ್ಧ ಚಮಚ ಗಟ್ಟಿ ಮೊಸರಿತ್ತು. ಪ್ರಮೋದಾ ಮಂಚದ ಕಾಲ ಬಳಿ ನಿಂತು ಅತ್ತೆಯ ಕೊರಳನ್ನೇ ನೋಡುತ್ತಿದ್ದಳು. ಸುಕ್ಕುಗಳ ಕೆಳಗೆ ಗಂಟಲಿನ ಗಂಟು ಮೆಲ್ಲಗೆ ಮೇಲೇರಿತು, ಒಂದು ಕ್ಷಣ ಅಲ್ಲೇ ನಿಂತಿತು, ಇಳಿಯಿತು.

"ಬಾಯಿ ತೆಗೀರಿ. ಆ ಅನ್ನಿ."

ನಾಲಿಗೆಯ ಮೇಲೆ ಏನೂ ಉಳಿದಿರಲಿಲ್ಲ. ಕೆಮ್ಮಲಿಲ್ಲ. ಹತ್ತು ನಿಮಿಷದ ಹಿಂದೆ ಒಂದು ಚಮಚ ನೀರು ಕೊಟ್ಟಾಗ ಮುಖ ಕೆಂಪಾಗುವಷ್ಟು ಕೆಮ್ಮಿದ್ದ ಮುದುಕಿ ಈಗ ಮೊಸರಿನ ಬಟ್ಟಲಿನ ಕಡೆಗೇ ನೋಡುತ್ತಿದ್ದಳು. ಮೂಗಿಗೆ ಪೈಪು ಹಾಕಿ ಹದಿನೆಂಟು ದಿನವಾಗಿತ್ತು. ಕೊಟ್ಟಿಗೆಯಲ್ಲಿ ಹಸುವಿನ ಕೆಚ್ಚಲು ತೊಳೆಯುತ್ತಾ ಇದ್ದವಳು ಕೂತಲ್ಲೇ ಬಲಕ್ಕೆ ವಾಲಿ ಬಿದ್ದಿದ್ದಳು. ಬಲಗೈ, ಬಲಗಾಲು ಹೋಗಿದ್ದವು. ಮಾತಿನಲ್ಲಿ 'ಹೂಂ' ಒಂದು ಉಳಿದಿತ್ತು. ಬೇಕು ಅನ್ನುವುದಕ್ಕೂ ಬೇಡ ಅನ್ನುವುದಕ್ಕೂ ಅದೇ.

"ಗುಡ್" ಎಂದು ಯಶಸ್ವಿನಿ ಕೈಗವಸು ಬಿಚ್ಚಿದಳು. "ಪೈಪು ಇವತ್ತೇ ತೆಗೆಸ್ತೀನಿ. ಮೂರು ದಿನ ಹೀಗೇ ಬಾಯಲ್ಲಿ ತಗೊಂಡ್ರೆ ಶನಿವಾರ ಮನೆಗೆ ಕರ್ಕೊಂಡು ಹೋಗಬಹುದು. ಊಟ ಮಾತ್ರ ನೀವು ಹುಷಾರಾಗಿ ಕೇಳಿಸ್ಕೊಳ್ಳಿ. ನೀರು, ಕಾಫಿ, ಮಜ್ಜಿಗೆ, ತೆಳ್ಳಗಿರೋದು ಯಾವುದೂ ಬೇಡ. ಶ್ವಾಸಕೋಶಕ್ಕೆ ಇಳಿದುಬಿಡುತ್ತೆ. ಅನ್ನ, ಚಪಾತಿ, ಮುದ್ದೆನೂ ಬೇಡ. ಮಗೂಗೆ ರಾಗಿ ಸರಿ ಮಾಡ್ತೀರಲ್ಲ, ಆ ಹದ. ಚಮಚ ಓರೆ ಮಾಡಿದ್ರೆ ಹರೀಬಾರದು, ಒಂದೇ ಸಲಕ್ಕೆ ಜಾರಿ ಬೀಳ್ಬೇಕು."

"ಮುದ್ದೆ ಮೆತ್ತಗೇ ಇರುತ್ತಲ್ಲ ಮೇಡಂ?" ಎಂದು ಕೇಳಿದಳು ಪ್ರಮೋದಾ.

"ಈ ಕಡೆಯವರೆಲ್ಲ ಇದನ್ನೇ ಕೇಳ್ತೀರ. ಮೆತ್ತಗಿರುತ್ತೆ, ಆದ್ರೆ ನೀವು ಅಗಿಯಲ್ವಲ್ಲ. ಉಂಡೆ ಹಾಗೇ ಒಳಗೆ ಹೋಗ್ಬೇಕು. ಅಂಟು ಬೇರೆ. ಇವರ ಗಂಟಲು ಅರ್ಧ ಮಾತ್ರ ಕೆಲಸ ಮಾಡ್ತಿದೆ. ಸಿಕ್ಕಿಹಾಕ್ಕೊಂಡ್ರೆ ಕಷ್ಟ." ಅವಳು ಫೈಲಿನಿಂದ ಒಂದು ಹಾಳೆ ತೆಗೆದು ತಾರೀಕು ಹಾಕಿ, ಕನ್ನಡದಲ್ಲಿ ಅಚ್ಚಾಗಿದ್ದ ಸಾಲುಗಳ ಕೆಳಗೆ ಪೆನ್ನಿನಿಂದ ಗೆರೆ ಎಳೆದಳು. "ಇದನ್ನ ಮಂಚದ ಮೇಲ್ಗಡೆ ಗೋಡೆಗೆ ಅಂಟಿಸ್ಬಿಡಿ. ನೋಡ್ಕೊಳ್ಳೋರು ಬದಲಾಗ್ತಾ ಇರ್ತಾರೆ, ಎಲ್ಲರಿಗೂ ಕಾಣ್ಬೇಕು."

"ಮನೇಲಿ ಎಷ್ಟು ದಿನ ಹೀಗೆ ಕೊಡ್ಬೇಕಾಗುತ್ತೆ?"

"ತಿಂಗಳುಗಟ್ಟಲೆ ಆಗಬಹುದು. ಒಂದೊಂದು ಊಟಕ್ಕೂ ಮುಕ್ಕಾಲು ಗಂಟೆ ಹಿಡಿಯುತ್ತೆ. ಪೂರ್ತಿ ಹೊತ್ತು ಒಬ್ಬರು ಜೊತೆಗೆ ಇರ್ಲೇಬೇಕು. ನೀವೇ ತಾನೇ ಇರೋದು?"

ಪ್ರಮೋದಾ ಹಾಳೆಯನ್ನು ನಾಲ್ಕು ಮಡಿಕೆ ಮಾಡಿದಳು.

ಹೊರಗೆ ಕಾರಿಡಾರಿನಲ್ಲಿ ಅವಳು ಗಂಡನಿಗೆ ಫೋನ್ ಮಾಡಿದಳು. ಮುನೀಂದ್ರ ದೊಡ್ಡಬಳ್ಳಾಪುರ ಕಡೆಯ ಮಧುರೆಯ ಹತ್ತಿರದ ಅವರ ಊರಿನಲ್ಲಿ ಹಾಲಿನ ಡೈರಿಯ ಸೆಕ್ರೆಟರಿ. ಹಿಂದೆ ಕ್ಯಾನುಗಳ ಸದ್ದು ಕೇಳುತ್ತಿತ್ತು.

"ನುಂಗಿದ್ರು. ಶನಿವಾರ ಬಿಡ್ತಾರಂತೆ."

"ಅಲ್ಲಿಗೆ ಒಂದು ಮುಗೀತು ಬಿಡು" ಎಂದ ಅವನು. "ದೇವರು ದೊಡ್ಡೋನು. ನಡುಮನೇಲಿ ಮಂಚ ಹಾಕ್ಸಿಬಿಡ್ತೀನಿ."

"ನಾನು ಸೋಮವಾರದಿಂದ ಕೆಲಸಕ್ಕೆ ಬರ್ತೀನಿ ಅಂತ ಹೇಳಿದೀನಿ."

"ಫೋನ್ ಮಾಡಿ ಆಗಲ್ಲ ಅನ್ನು. ಮನೇಲಿ ನೀನಿದೀಯಲ್ಲ, ಇನ್ನೇನು ಯೋಚ್ನೆ?" ಮುನೀಂದ್ರ ಇದನ್ನು ಹೆಮ್ಮೆಯಿಂದಲೇ ಹೇಳಿದ. ನಂತರ ಯಾರಿಗೋ ಕ್ಯಾನು ಆ ಕಡೆ ಇಡು ಎಂದ.

ಅವಳು ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್ ಒಂದರಲ್ಲಿ ಚೆಕ್ಕರ್. ಹೊಲಿದು ಬಂದ ಅಂಗಿಗಳನ್ನು ಬೆಳಕಿನ ಕೆಳಗೆ ಹರಡಿ, ಕಾಲರು, ತೋಳು, ಗುಂಡಿ ನೋಡಿ, ತಪ್ಪಿದ್ದ ಕಡೆ ಒಂದು ಸಣ್ಣ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸುವುದು. ಮಗಳ ಮದುವೆಯಾದ ಮೇಲೆ, ನಲವತ್ತೆಂಟನೇ ವಯಸ್ಸಿನಲ್ಲಿ ಸೇರಿದ್ದಳು. ಏಳೂವರೆಗೆ ಊರ ಬಾಗಿಲಿಗೆ ಬರುವ ಬಸ್ಸಿನಲ್ಲಿ ಎಡಗಡೆ ಮೂರನೇ ಕಿಟಕಿ ಅವಳದು. ಅಲ್ಲಿ ಅವಳನ್ನು ಯಾರೂ ಮುನೀಂದ್ರನ ಹೆಂಡತಿ ಎನ್ನುತ್ತಿರಲಿಲ್ಲ. ಅವಳು ಬಾಣ ಅಂಟಿಸಿದರೆ ಅಂಗಿ ಹಿಂದಕ್ಕೆ ಹೋಗಬೇಕು, ಅಷ್ಟೇ. ಇನ್‌ಚಾರ್ಜ್ ಬಂದರೂ ಅದನ್ನು ಕೀಳುವಂತಿರಲಿಲ್ಲ. ನಾಲ್ಕು ವರ್ಷದಲ್ಲಿ ಆ ಕೆಲಸದ ವಿಷಯವಾಗಿ ಅತ್ತೆ ಒಂದೇ ಮಾತು ಆಡಿದ್ದಳು. "ಮನೇಲಿ ತಪ್ಪು ಹುಡುಕಕ್ಕೆ ನಾನಿದ್ದೆ. ನಿಂಗೂ ಅದೇ ಕೆಲಸ ಸಿಕ್ತಾ?"

ಸಪ್ಪಲಮ್ಮ ಕೆಟ್ಟವಳೆಂದು ಪ್ರಮೋದಾ ಯಾರೊಂದಿಗೂ ಹೇಳಿದ್ದಿಲ್ಲ. ಕೆಟ್ಟವಳಾಗಿದ್ದರೆ ಹೇಳುವುದು ಸುಲಭವಿತ್ತು. ಮದುವೆಯಾಗಿ ಬಂದ ಮೊದಲ ಮಧ್ಯಾಹ್ನ ಗಂಡಸರದೆಲ್ಲ ಊಟವಾದ ಮೇಲೆ ಹೆಂಗಸರು ಅಡುಗೆಮನೆಯಲ್ಲಿ ಕೂತಿದ್ದರು. ಪ್ರಮೋದಾಳ ತವರು ನೆಲಮಂಗಲದ ಪಕ್ಕದ ಅರಿಶಿನಕುಂಟೆ. ಅಪ್ಪ ಅಕ್ಕಿ ಗಿರಣಿಯಲ್ಲಿದ್ದುದರಿಂದ ಮನೆಯಲ್ಲಿ ಅನ್ನವೇ ಹೆಚ್ಚು. ಅವಳು ಮುದ್ದೆ ಮುರಿದು ಬಾಯಿಗಿಟ್ಟು ಅಗಿದಳು. ಸುತ್ತ ಕೂತವರು ನಕ್ಕರು. ಸಪ್ಪಲಮ್ಮ ನಗಲಿಲ್ಲ. "ಮುದ್ದೆ ಅಗಿಯೋರುಂಟೇನಮ್ಮ? ಹಲ್ಲಿಗೆ ಅಂಟ್ಕಂತದೆ. ಹಿಂಗೆ ಅದ್ದು, ನಾಲಿಗೆ ಹಿಂದಕ್ಕೆ ಇಡು, ನುಂಗು" ಎಂದು ತನ್ನ ತಟ್ಟೆಯಿಂದಲೇ ತುತ್ತು ಮಾಡಿ ಸೊಸೆಯ ಬಾಯಿಗಿಟ್ಟಿದ್ದಳು. ಕಲಿಸಿದ್ದು ನಿಜ. ಆಮೇಲೆ ಮೂವತ್ತು ವರ್ಷ ಈ ಮನೆಯಲ್ಲಿ ಯಾರಿಗೆ ಎಷ್ಟು ಗಾತ್ರದ ಮುದ್ದೆ ಎಂದು ಕಟ್ಟಿದ್ದೂ ಅವಳ ಕೈಯೇ. ಪ್ರಮೋದಾಳದು ಕೊನೆಯದು, ಪಾತ್ರೆ ಕೆರೆದು ಮಾಡಿದ್ದು.

ಗೋಡೆಗೆ ಅಂಟಿಸಲು ಪ್ಲಾಸ್ಟರ್ ಇದೆಯಾ ಎಂದು ಅವಳು ನರ್ಸನ್ನು ಕೇಳಿದಳು. ಆಮೇಲೆ ಕೊಡ್ತೀನಿ ಎಂದು ನರ್ಸ್ ಹೋದಳು. ಆಮೇಲೆ ಪ್ರಮೋದಾ ಕೇಳಲಿಲ್ಲ, ನರ್ಸ್ ಕೊಡಲಿಲ್ಲ. ಹಾಳೆ ಬ್ಯಾಗಿನ ಒಳಜೇಬಿಗೆ ಹೋಯಿತು. ಅದೇ ಜೇಬಿನಲ್ಲಿ ಕೆಂಪು ಬಾಣಗಳ ಒಂದು ಸುರುಳಿಯೂ ಇತ್ತು.

ಬುಧವಾರವೆಲ್ಲ ಅವಳೇ ತಿನ್ನಿಸಿದಳು. ಆಸ್ಪತ್ರೆಯ ಅಡುಗೆಮನೆಯಿಂದ ಬಂದ ಗಂಜಿಯನ್ನು ಚಮಚ ಓರೆ ಮಾಡಿ ನೋಡಿ, ತೆಳ್ಳಗಿದ್ದರೆ ವಾಪಸು ಕಳಿಸಿ, ಮತ್ತೆ ತರಿಸಿದಳು. ಅರ್ಧ ಚಮಚ. ಗದ್ದ ಕೆಳಗೆ. ನುಂಗಿದ್ದು ಖಾತ್ರಿಯಾದ ಮೇಲೆ ಇನ್ನೊಂದು. ಮುಕ್ಕಾಲು ಗಂಟೆಯಲ್ಲ, ಒಂದು ಗಂಟೆ ಹಿಡಿಯಿತು. ಸಪ್ಪಲಮ್ಮ ಸೊಸೆಯ ಮುಖ ನೋಡದೆ, ಎಡಗೈಯಲ್ಲಿ ಹೊದಿಕೆಯ ಅಂಚು ಹಿಡಿದುಕೊಂಡು ತಿಂದಳು. ನಾಲ್ಕು ಹೊತ್ತು. ನಡುವೆ ಮೂರು ಸಲ ಬಟ್ಟೆ ಬದಲಾಯಿಸುವುದು, ಎರಡು ಸಲ ಮಗ್ಗುಲು ಹೊರಳಿಸುವುದು. ಸಂಜೆ ಇನ್‌ಚಾರ್ಜ್ ಫೋನ್ ಮಾಡಿ, "ಪ್ರಮೋದಮ್ಮ, ಸೋಮವಾರ ಪಕ್ಕಾ ತಾನೇ? ಇಲ್ಲಾಂದ್ರೆ ಬೇರೆಯವರನ್ನ ಕೂರಿಸ್ಬೇಕು" ಎಂದ. ಪಕ್ಕಾ ಸಾರ್ ಎಂದಳು. ಯಾಕೆ ಹಾಗೆಂದೆ ಎಂದು ತನಗೇ ತಿಳಿಯಲಿಲ್ಲ.

ಗುರುವಾರ ಮಧ್ಯಾಹ್ನ ಭಾಗ್ಯಮ್ಮ ಬಂದಳು.

ಭಾಗ್ಯಮ್ಮ ಸಪ್ಪಲಮ್ಮನ ಹಿರಿಯ ಮಗಳು. ಕೊಟ್ಟಿರುವುದು ದೇವನಹಳ್ಳಿ ಕಡೆಯ ಚನ್ನರಾಯಪಟ್ಟಣಕ್ಕೆ. ಭೂಮಿ ಬಿಡಲ್ಲ ಎಂದು ಊರವರು ಧರಣಿ ಕೂತಾಗ ಟೆಂಟಿನ ಹಿಂದೆ ಒಲೆ ಹೂಡಿ ಇನ್ನೂರು ಜನರಿಗೆ ಮುದ್ದೆ ಬೇಯಿಸಿದವರಲ್ಲಿ ಅವಳೂ ಒಬ್ಬಳು. ಅವಳ ಮುಂಗೈಗಳು ಇನ್ನೂ ಹಾಗೇ ಗಟ್ಟಿಯಾಗಿದ್ದವು. ಅಂಥ ಕೈಯಲ್ಲಿ ನಾಲ್ಕು ಡಬ್ಬಿಯ ಕ್ಯಾರಿಯರು ಹಿಡಿದುಕೊಂಡು, ಎರಡು ಬಸ್ಸು ಬದಲಾಯಿಸಿ, ಸೆರಗಿನಿಂದ ಮುಖ ಒರೆಸುತ್ತಾ ವಾರ್ಡಿಗೆ ಬಂದಳು.

"ಅವ್ವಾ, ಪೈಪು ತೆಗ್ದವ್ರಲ್ಲೇ! ಮುಖ ಕಾಣ್ತೈತೆ ಈಗ. ಆನೆ ಸೊಂಡ್ಲು ಇಟ್ಕಂಡಂಗೆ ಇದ್ದೆ." ಮಂಚದ ಮೇಲೆ ಕೂತು ತಾಯಿಯ ಕೆನ್ನೆ ಸವರಿದಳು. ಸಪ್ಪಲಮ್ಮ "ಹೂಂ" ಎಂದಳು.

"ಹೂಂ ಅಂತೆ. ಆಯಸ್ಸೆಲ್ಲಾ ಉಹೂಂ ಅಂದವಳು ಈಗ ಹೂಂ ಕಲ್ತವ್ಳೆ ನೋಡು." ಭಾಗ್ಯಮ್ಮ ಕ್ಯಾರಿಯರಿನ ಕೊಂಡಿ ಬಿಚ್ಚಿದಳು. ಹಿತಕಿದ ಅವರೆಬೇಳೆಯ ಸಾರಿನ ವಾಸನೆ ವಾರ್ಡಿನ ಫಿನಾಯಿಲ್ ವಾಸನೆಯನ್ನು ಒಂದು ಕ್ಷಣ ಅಳಿಸಿಬಿಟ್ಟಿತು. ಪಕ್ಕದ ಮಂಚದಲ್ಲಿ ಸೊಂಟ ಮುರಿದು ಮಲಗಿದ್ದ ಹೊಸಕೋಟೆಯ ಅಜ್ಜಿ ಕತ್ತು ಎತ್ತಿದಳು.

"ಯಾವೂರಮ್ಮಾ ಸಾರು? ಕಾಲು ನೆಟ್ಟಗಿದ್ದಿದ್ರೆ ಎದ್ದು ಬಂದ್ಬಿಡ್ತಿದ್ದೆ."

"ಕಾಲಿಲ್ದಿದ್ರೇನು ಬಾಯೈತಲ್ಲಜ್ಜಿ, ನಿಂಗೂ ಕೊಡ್ತೀನಿ ತಡಿ" ಎಂದು ಭಾಗ್ಯಮ್ಮ ನಕ್ಕಳು. ಆಮೇಲೆ ಕೆಳಗಿನ ಡಬ್ಬಿ ತೆಗೆದಳು. ಬಿಳಿ ಬಟ್ಟೆಯಲ್ಲಿ ಸುತ್ತಿದ ಮುದ್ದೆ ಇನ್ನೂ ಬೆಚ್ಚಗಿತ್ತು. ಸಪ್ಪಲಮ್ಮನ ಎಡಗೈ ಹೊದಿಕೆಯನ್ನು ಬಿಟ್ಟು ಮೇಲೆದ್ದಿತು.

ಭಾಗ್ಯಮ್ಮ ಪ್ರಮೋದಾಳ ಕಡೆ ತಿರುಗಿ ಕೇಳಿದಳು. ಅದನ್ನು ಪ್ರಮೋದಾ ಆಮೇಲೆ ಎಷ್ಟೋ ಸಲ ನೆನೆಸಿಕೊಂಡಳು. ಅವಳು ಕೇಳದೆ ಕೊಡಲಿಲ್ಲ.

"ಏನು ಕೊಡ್ಬೋದು ಅಂತ ಹೇಳವ್ರೆ?"

"ಮೆತ್ತಗಿರೋದು ಕೊಡಿ ಅಂದವ್ರೆ ಅಕ್ಕ."

ಆ ಮಾತಿನಲ್ಲಿ ಸುಳ್ಳಿರಲಿಲ್ಲ.

"ಮುದ್ದೆಗಿಂತ ಮೆತ್ತಗಿರೋದು ಇನ್ಯಾವುದೈತೆ? ಹಲ್ಲೂ ಬೇಡ ಅದಕ್ಕೆ" ಎಂದು ಭಾಗ್ಯಮ್ಮ ಬೆರಳು ಸಾರಿಗೆ ಅದ್ದಿ ಬಿಸಿ ನೋಡಿದಳು. "ಇಪ್ಪತ್ತು ದಿನ ಆಯ್ತು ಅವ್ವ ರಾಗಿ ಕಂಡು. ರಾಗಿ ಇಲ್ದೆ ಕೈಕಾಲಿಗೆ ಎಲ್ಲಿಂದ ಬತ್ತದೆ ಶಕ್ತಿ?"

ಪ್ರಮೋದಾ ನೀರಿನ ಜಗ್ಗು ನೋಡಿದಳು. ಅದರಲ್ಲಿ ಅರ್ಧ ನೀರಿತ್ತು. ಅದನ್ನು ಎತ್ತಿಕೊಂಡು, "ನೀರು ತತ್ತೀನಿ" ಎಂದು ಹೊರಟಳು. ಬಾಗಿಲಲ್ಲಿ ಒಮ್ಮೆ ತಿರುಗಿದಾಗ ಭಾಗ್ಯಮ್ಮ ತುತ್ತು ಮುರಿಯುತ್ತಿದ್ದಳು. ಸಣ್ಣ ತುತ್ತೇ, ನೆಲ್ಲಿಕಾಯಿಗಿಂತ ಸಣ್ಣದು. ಸಪ್ಪಲಮ್ಮ ಬಾಯಿ ತೆರೆದಿದ್ದಳು. ಯಾರೂ 'ಆ ಅನ್ನಿ' ಎಂದು ಹೇಳಿರಲಿಲ್ಲ.

ನೀರಿನ ಫಿಲ್ಟರು ಕಾರಿಡಾರಿನ ತುದಿಯಲ್ಲಿ, ಲಿಫ್ಟಿನ ಪಕ್ಕ. ನಲ್ಲಿ ಸಣ್ಣಗೆ ಬರುತ್ತಿತ್ತು. ಪ್ರಮೋದಾ ಜಗ್ಗಿನೊಳಗೆ ನೀರು ಏರುವುದನ್ನು ನೋಡುತ್ತಾ ನಿಂತಳು. ಓಡಿಹೋಗಿ ಬೇಡ ಅನ್ನಲು ಇಪ್ಪತ್ತು ಹೆಜ್ಜೆ. ಮೊದಲನೆಯ ತುತ್ತು ಇಷ್ಟು ಹೊತ್ತಿಗೆ ಇಳಿದಿರುತ್ತದೆ ಎಂದುಕೊಂಡಳು. ಇಳಿದರೆ ಒಳ್ಳೆಯದೇ. ಇಳಿಯದಿದ್ದರೆ ಎಂಬಲ್ಲಿಗೆ ಅವಳ ಮನಸ್ಸು ಹೋಗಲಿಲ್ಲ. ಏಳೂವರೆಯ ಬಸ್ಸು ಊರ ಬಾಗಿಲಲ್ಲಿ ನಿಂತದ್ದು, ಮೂರನೇ ಕಿಟಕಿಯಲ್ಲಿ ಬೇರೆ ಯಾರೋ ಕೂತದ್ದು ಕಣ್ಣ ಮುಂದೆ ಬಂತು. ಜಗ್ಗು ತುಂಬಿ ನೀರು ಅವಳ ಮಣಿಕಟ್ಟಿನ ಮೇಲೆ ಹರಿಯಿತು. ಅವಳು ನಲ್ಲಿ ನಿಲ್ಲಿಸಲಿಲ್ಲ. ಆಗ ವಾರ್ಡಿನೊಳಗೆ ಸ್ಟೂಲು ಬಿದ್ದ ಸದ್ದು ಕೇಳಿತು.

ಅವಳು ಬರುವಷ್ಟರಲ್ಲಿ ಇಬ್ಬರು ನರ್ಸುಗಳು ಮಂಚದ ಮೇಲೆ ಬಾಗಿದ್ದರು. ಒಬ್ಬಳು ಸಪ್ಪಲಮ್ಮನನ್ನು ಮಗ್ಗುಲಿಗೆ ಹೊರಳಿಸಿ ಬೆನ್ನಿಗೆ ಹೊಡೆಯುತ್ತಿದ್ದಳು. ಇನ್ನೊಬ್ಬಳು ಕಫ ಎಳೆಯುವ ಯಂತ್ರದ ನಳಿಗೆಯನ್ನು ಬಾಯೊಳಗೆ ಇಳಿಸುತ್ತಿದ್ದಳು. ಮುದುಕಿಯ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಭಾಗ್ಯಮ್ಮ ಗೋಡೆಗೆ ಅಂಟಿಕೊಂಡು, ಸಾರು ಹತ್ತಿದ ಕೈಯನ್ನು ಮುಂದಕ್ಕೆ ಚಾಚಿ ಹಿಡಿದು ನಿಂತಿದ್ದಳು.

"ಯಾರ್ರೀ ಮುದ್ದೆ ಕೊಟ್ಟಿದ್ದು?"

"ನಾನೇ" ಎಂದಳು ಭಾಗ್ಯಮ್ಮ. "ಎರಡು ನುಂಗಿದ್ಲು. ಮೂರನೇದು... ನಾನೇ ಕೊಟ್ಟಿದ್ದು."

ಸಪ್ಪಲಮ್ಮನನ್ನು ಐಸಿಯುಗೆ ತಳ್ಳಿಕೊಂಡು ಹೋದರು. ಸಾಯಲಿಲ್ಲ. ಆದರೆ ಸಾರು, ರಾಗಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಯಿತು. ಮೂಗಿಗೆ ಪೈಪು ಮತ್ತೆ ಬಂತು, ಅದರ ಜೊತೆಗೆ ಆಮ್ಲಜನಕವೂ.

ಶುಕ್ರವಾರ ಬೆಳಿಗ್ಗೆ ಯಶಸ್ವಿನಿ ಐಸಿಯು ಹೊರಗೆ ಸಿಕ್ಕಿದಳು. ಭಾಗ್ಯಮ್ಮ ಆಗ ಕೆಳಗಿನ ಗಣಪತಿ ಗುಡಿಗೆ ಹೋಗಿದ್ದಳು.

"ಆ ಹಾಳೆ ಅಂಟಿಸಿರಲಿಲ್ವಾ?"

"ಅಂಟಿಸೋಕೆ ಏನೂ ಸಿಗಲಿಲ್ಲ ಮೇಡಂ."

ಯಶಸ್ವಿನಿ ಅವಳನ್ನು ನೋಡಿದಳು. ಫೈಲಿನಲ್ಲಿ ಒಂದು ಸಾಲು ಬರೆದು ಒಳಗೆ ಹೋದಳು. ಪ್ರಮೋದಾ ಬ್ಯಾಗನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಾಯಿಸಿದಳು.

ಆ ದಿನಗಳಲ್ಲಿ ಭಾಗ್ಯಮ್ಮ ಊರಿಗೆ ಹೋಗಲೇ ಇಲ್ಲ. ಐಸಿಯು ಎದುರಿನ ಕುರ್ಚಿಯಲ್ಲಿ ಕೂತು, ಬಂದವರಿಗೆಲ್ಲ ತಾನೇ ಮೊದಲಾಗಿ ಹೇಳುತ್ತಿದ್ದಳು. "ನಾನೇ ಕಣಪ್ಪಾ, ಈ ಕೈಯಲ್ಲೇ." ಯಾರಾದರೂ ಸಮಾಧಾನ ಹೇಳಿದರೆ ಸಿಟ್ಟು ಬರುತ್ತಿತ್ತು. ಕ್ಯಾಂಟೀನಿನಲ್ಲಿ ಮುನೀಂದ್ರ ಊಟ ತಂದಿಟ್ಟಾಗ ಮುದ್ದೆಯನ್ನು ತಟ್ಟೆಯಿಂದ ಪಕ್ಕಕ್ಕೆ ಸರಿಸಿದಳು.

"ಅವ್ವ ಬಾಯಲ್ಲಿ ತಿನ್ನೋ ಗಂಟ ನಾನು ಮುದ್ದೆ ಮುಟ್ಟಕ್ಕಿಲ್ಲ. ಗುಡೀಲಿ ಹೇಳ್ಕಂಡು ಬಂದಿವ್ನಿ."

"ಶುಗರ್ ಐತೆ ನಿಂಗೆ. ಬರೀ ಅನ್ನ ತಿಂದ್ರೆ ನೀನೂ ಇಲ್ಲೇ ಮಲಿಕ್ಕಂತೀಯ."

"ಮಲಿಕ್ಕಂತೀನಿ ಬಿಡು. ಪಕ್ಕದ ಮಂಚ ಖಾಲಿ ಐತಲ್ಲ."

ಪ್ರಮೋದಾ ಎರಡು ಸಲ ಬಾಯಿ ತೆರೆದಳು. ಒಮ್ಮೆ ಕ್ಯಾಂಟೀನಿನಲ್ಲಿ, ಒಮ್ಮೆ ಭಾಗ್ಯಮ್ಮನಿಗೆ ತಲೆ ಸುತ್ತಿ ಬಂದು ತನ್ನ ಹೆಗಲಿಗೆ ಒರಗಿದ್ದಾಗ. ಎರಡು ಸಲವೂ "ನೀರು ಕುಡೀರಿ ಅಕ್ಕ" ಎಂಬುದೇ ಬಂತು.

ಎಂಟನೇ ದಿನ ಆಸ್ಪತ್ರೆಯ ಸಮಾಲೋಚಕ ಕೆಂಪರಾಜ್ ಮೂವರನ್ನೂ ಕೂರಿಸಿಕೊಂಡು, ಹಸುವಿನ ತಳಿ ವಿವರಿಸುವವನ ಹಾಗೆ ಸಮಾಧಾನವಾಗಿ ಹೇಳಿದ. ಮನೆಗೆ ಕರೆದೊಯ್ಯುವುದಾದರೆ ಕಫ ಎಳೆಯುವ ಯಂತ್ರ, ಆಮ್ಲಜನಕ, ಹಗಲಿಗೊಬ್ಬಳು ರಾತ್ರಿಗೊಬ್ಬಳು ಕಲಿತ ನರ್ಸು ಬೇಕು, ಹಳ್ಳಿಗೆ ಬರಲು ಯಾರೂ ಒಪ್ಪುವುದಿಲ್ಲ. ಮಧುರೆ ರಸ್ತೆಯಲ್ಲಿ ಒಂದು ವೃದ್ಧಾಶ್ರಮವಿದೆ, ಚೆನ್ನಾಗಿದೆ, ಆದರೆ ಓಡಾಡಿಕೊಂಡಿರುವವರನ್ನು ಮಾತ್ರ ಸೇರಿಸಿಕೊಳ್ಳುತ್ತಾರೆ. ಇಲ್ಲೇ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳಲು ಇನ್ನು ಕಾರಣವಿಲ್ಲ. ಉಳಿಯುವುದು ಆರೈಕೆ ಕೇಂದ್ರ. ಆಸ್ಪತ್ರೆಯೂ ಅಲ್ಲ, ಆಶ್ರಮವೂ ಅಲ್ಲ. ನರ್ಸುಗಳಿರುತ್ತಾರೆ, ವಾರಕ್ಕೆ ಎರಡು ಸಲ ಡಾಕ್ಟರು, ದಿನಾ ವ್ಯಾಯಾಮ ಮಾಡಿಸುವವರು. ನುಂಗುವುದು ಮತ್ತೆ ಬಂದರೆ ಮನೆಗೆ. ಬಾರದಿದ್ದರೆ ಅಲ್ಲಿಯೇ.

"ಎಲ್ಲಿದೆ ಅದು?" ಎಂದ ಮುನೀಂದ್ರ.

"ಅರಿಶಿನಕುಂಟೆ. ಹೈವೇ ಪಕ್ಕ."

"ನಿಮ್ಮೂರೇ ಆಯ್ತಲ್ಲ" ಎಂದು ಮುನೀಂದ್ರ ಹೆಂಡತಿಯ ಕಡೆ ತಿರುಗಿದ. ಭಾಗ್ಯಮ್ಮ ನೆಲ ನೋಡುತ್ತಾ, "ನನ್ನಿಂದ ಅವ್ವ ಮನೆ ಬಿಟ್ಟಂಗಾಯ್ತು" ಎಂದಳು.

ಪ್ರಮೋದಾ ಸೋಮವಾರ ಕೆಲಸಕ್ಕೆ ಹೋಗಿದ್ದಳು. ಆಮೇಲೆ ದಿನಾ ಹೋಗುತ್ತಿದ್ದಳು. ಮೂರನೇ ಕಿಟಕಿ ಖಾಲಿಯೇ ಇತ್ತು. ಮೇಜಿನ ಮೇಲೆ ಅಂಗಿ ಹರಡಿ ನೋಡುತ್ತಿರುವಾಗ ಒಂದು ದಿನ ಬಾಣ ಕಿತ್ತ ಬೆರಳು ಹಾಗೇ ನಿಂತಿತು. ಹೊಲಿಗೆ ಎಲ್ಲಿ ಬಿಟ್ಟಿದೆ ಎಂದು ಅವಳಿಗೆ ಕಂಡಿತ್ತು, ಬಾಣ ಅಂಟಿಸುವುದನ್ನು ಮಾತ್ರ ಮರೆತಿದ್ದಳು. ಪಕ್ಕದವಳು ಮೊಣಕೈಯಿಂದ ತಿವಿದಳು. "ಯಾಕ್ರೀ, ಅಂಗಿ ಹತ್ರ ಮಾತಾಡ್ತಿದೀರಾ?"

ಆರೈಕೆ ಕೇಂದ್ರಕ್ಕೆ ಸೇರಿಸಿದ್ದು ಭಾನುವಾರ. ಮಗನ ಮದುವೆಯಾದ ಮೇಲೆ ಸಪ್ಪಲಮ್ಮ ಬೀಗರ ಊರಿಗೆ ಬಂದಿದ್ದು ಎರಡೇ ಸಲ. ಎರಡು ಸಲವೂ ಅವತ್ತೇ ಹೊರಟಿದ್ದಳು. ಇದು ಮೂರನೆಯದು. ಮೊದಲು ಪ್ರಮೋದಾಳ ಅಪ್ಪ ಕೆಲಸ ಮಾಡುತ್ತಿದ್ದ ಗಿರಣಿಯ ಕಡೆಗೆ ಹೋಗುವ ದಾರಿಯಲ್ಲೇ, ಎರಡು ಅಂತಸ್ತಿನ ಹೊಸ ಕಟ್ಟಡ. ನಾಲ್ಕು ಮಂಚದ ಕೋಣೆ. ಕಿಟಕಿಯಿಂದ ಮೇಲ್ಸೇತುವೆಯ ಮೇಲೆ ಹೋಗುವ ಲಾರಿಗಳ ತಲೆ ಮಾತ್ರ ಕಾಣುತ್ತಿತ್ತು. ಸಂಜೆ ಹಾಲಿಗೆ ಡೈರಿ ತೆಗೆಯಬೇಕೆಂದು ಮುನೀಂದ್ರ ಸಹಿ ಹಾಕಿ ಬೇಗ ಹೊರಟ. ಹೋಗುವ ಮುನ್ನ ತಾಯಿಯ ಕಾಲು ಮುಟ್ಟಿ, ಹೊದಿಕೆ ಸರಿಮಾಡಿದ. ಹೊದಿಕೆ ಸರಿಯಾಗಿಯೇ ಇತ್ತು.

ಮಮತ ಎಂಬ ನರ್ಸು ಕಾಗದಗಳನ್ನು ಒಂದೊಂದಾಗಿ ನೋಡಿ ಫೈಲಿಗೆ ಸೇರಿಸುತ್ತಿದ್ದಳು. ಅಗಲ ಮುಖದ, ನಿಧಾನ ಮಾತಿನ ಹೆಂಗಸು. ಭಾಗ್ಯಮ್ಮ ತಾಯಿಯ ಸೀರೆಗಳನ್ನು ಕಪಾಟಿಗೆ ಜೋಡಿಸುತ್ತಿದ್ದಳು.

"ಬಾಯಲ್ಲಿ ಕೊಡೋದನ್ನ ಇಲ್ಲೂ ಮತ್ತೆ ಶುರು ಮಾಡಿಸ್ತಾರೆ, ಒಂದೆರಡು ವಾರ ಬಿಟ್ಟು" ಎಂದಳು ಮಮತ. "ಆಸ್ಪತ್ರೇಲಿ ನುಂಗೋ ಪರೀಕ್ಷೆ ಮಾಡಿ ಹಾಳೆ ಏನಾದ್ರೂ ಕೊಟ್ಟಿದ್ರಾ? ಮೊದಲು ಏನು ತಗೋತಿದ್ರು ಅಂತ ಗೊತ್ತಾದ್ರೆ ನಮಗೆ ಸುಲಭ. ಇಲ್ಲದಿದ್ರೂ ಪರ್ವಾಗಿಲ್ಲ, ಹೊಸದು ಬರೀತೀವಿ."

ಇಲ್ಲ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಪ್ರಮೋದಾ ಅತ್ತೆಯ ಕಡೆ ನೋಡಿದಳು. ಸಪ್ಪಲಮ್ಮ ಲಾರಿಗಳನ್ನು ನೋಡುತ್ತಿದ್ದಳು. ಭಾಗ್ಯಮ್ಮ ಒಂದು ಸೀರೆಯನ್ನು ಎದೆಗೆ ಒತ್ತಿ ಹಿಡಿದು ಮಡಿಕೆ ಹಾಕುತ್ತಿದ್ದಳು. ಹತ್ತೇ ದಿನದಲ್ಲಿ ಅವಳ ರವಿಕೆ ತೋಳಲ್ಲಿ ಸಡಿಲವಾಗಿತ್ತು.

ಪ್ರಮೋದಾ ಬ್ಯಾಗಿನ ಒಳಜೇಬಿನ ಜಿಪ್ ಎಳೆದು ಹಾಳೆ ತೆಗೆದುಕೊಟ್ಟಳು.

ಮಮತ ಬಿಡಿಸಿ ಗಟ್ಟಿಯಾಗಿಯೇ ಓದಿದಳು. "ಸಪ್ಪಲಮ್ಮ, ಎಪ್ಪತ್ತಾರು. ಕೊಡಬಹುದಾದ್ದು, ಗಟ್ಟಿ ಗಂಜಿ, ರಾಗಿ ಸರಿ, ಗಟ್ಟಿ ಮೊಸರು. ಕೊಡಬಾರದ್ದು, ನೀರು, ಕಾಫಿ, ಅನ್ನ, ಚಪಾತಿ, ಮುದ್ದೆ. ಮುದ್ದೆ ಕೆಳಗೆ ಗೆರೆ ಹಾಕಿದ್ದಾರೆ, ಎರಡು ಗೆರೆ. ಇಪ್ಪತ್ತೊಂದನೇ ತಾರೀಕು, ಮಂಗಳವಾರ." ಅವಳು ತಲೆ ಎತ್ತಿದಳು. "ಚೆನ್ನಾಗಿ ಬರೆದಿದ್ದಾರೆ. ಮತ್ತೆ ಹೇಗಾಯ್ತು ಹಾಗೆ?"

ಭಾಗ್ಯಮ್ಮ ಸೀರೆಯನ್ನು ಕೆಳಗಿಟ್ಟಳು. ಮಮತಳ ಕೈಯಿಂದ ಹಾಳೆ ತೆಗೆದುಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಬೆರಳಿಟ್ಟು ಓದಿದಳು. ಅವಳು ಏಳನೇ ಕ್ಲಾಸು. ನಿಧಾನವಾಗಿ ಓದಿದಳು. ಬೆರಳು ತಾರೀಕಿನ ಹತ್ತಿರ ಬಂದು ನಿಂತಿತು.

"ನಾನು ಬಂದಿದ್ದು ಗುರುವಾರ."

"ಹೂಂ ಅಕ್ಕ."

"ಇದು ನಿನ್ ಹತ್ರ ಇತ್ತಾ ಅವತ್ತು?"

"ಇತ್ತು."

"ಓದಿದ್ಯಾ?"

"ಓದಿದ್ದೆ. ಮುದ್ದೆ ವಿಷಯ ನಾನೇ ಕೇಳಿದ್ದೆ ಕೂಡ. ಬೇಡ ಅಂದಿದ್ರು."

ಮಮತ ಫೈಲು ಎತ್ತಿಕೊಂಡು, ಏನೋ ತರುವ ನೆಪದಲ್ಲಿ ಹೊರಗೆ ಹೋದಳು. ಮೇಲ್ಸೇತುವೆಯ ಮೇಲೆ ಒಂದರ ಹಿಂದೊಂದು ನಾಲ್ಕೈದು ಲಾರಿಗಳು ಹೋದವು. ಭಾಗ್ಯಮ್ಮ ಹಾಳೆಯಿಂದ ಕಣ್ಣೆತ್ತಲಿಲ್ಲ. ಯಾಕೆ ಎಂದು ಕೇಳಲೂ ಇಲ್ಲ. ಕೇಳಿದ್ದರೆ ಪ್ರಮೋದಾ ಏನಾದರೂ ಹೇಳುತ್ತಿದ್ದಳು. ಬಸ್ಸು, ಕಿಟಕಿ, ಕೊನೆಯ ಮುದ್ದೆ, ಏನಾದರೂ.

"ಅಂಟಿಸು" ಎಂದಳು ಭಾಗ್ಯಮ್ಮ.

ಪ್ರಮೋದಾ ಬಾಣಗಳ ಸುರುಳಿ ತೆಗೆದಳು. ಒಂದೊಂದು ಬಾಣ ಉಗುರಿನಷ್ಟು ಚಿಕ್ಕದು. ಹಾಳೆ ನಿಲ್ಲಲು ಮೂಲೆಗೆ ನಾಲ್ಕೈದರಂತೆ ಬೇಕಾಯಿತು. ಅವಳು ಮಂಚದ ಪಕ್ಕ ತುದಿಗಾಲಲ್ಲಿ ನಿಂತು ಅಂಟಿಸುವವರೆಗೂ ಭಾಗ್ಯಮ್ಮ ಸುರುಳಿಯನ್ನೇ ನೋಡುತ್ತಿದ್ದಳು.

"ಇದೂ ಅವತ್ತು ಬ್ಯಾಗಲ್ಲೇ ಇತ್ತಾ?"

"ಇತ್ತು."

ಸಪ್ಪಲಮ್ಮ ಈಗ ಕಿಟಕಿಯಿಂದ ಕಣ್ಣು ತೆಗೆದು ಮಗಳನ್ನು ನೋಡಿದಳು, ಆಮೇಲೆ ಸೊಸೆಯನ್ನು. "ಹೂಂ" ಎಂದಳು.

ಅವರು ಹೊರಗೆ ಬಂದಾಗ ಮೂರು ಗಂಟೆ. ಬೆಳಿಗ್ಗೆಯಿಂದ ಇಬ್ಬರೂ ಏನೂ ತಿಂದಿರಲಿಲ್ಲ. ಸರ್ವೀಸ್ ರಸ್ತೆಯ ಪಕ್ಕ ತಗಡಿನ ಚಾವಣಿಯ ಒಂದು ಊಟದ ಹೋಟೆಲಿತ್ತು. ಭಾಗ್ಯಮ್ಮ ಅತ್ತ ನಡೆದಳು, ಪ್ರಮೋದಾ ಹಿಂದೆ ಹೋದಳು. ಒಳಗೆ ಲಾರಿಯವರು ಇಬ್ಬರು ಊಟ ಮುಗಿಸಿ ಕೈ ತೊಳೆಯುತ್ತಿದ್ದರು. ಬಡಿಸುತ್ತಿದ್ದ ಹೆಂಗಸು ಬಾಳೆಲೆ ಹಾಕಿ, ನೀರು ಚಿಮುಕಿಸಿ, "ಮುದ್ದೇನಾ, ಚಪಾತೀನಾ?" ಎಂದಳು.

"ನಂಗೆ ಅನ್ನ" ಎಂದಳು ಭಾಗ್ಯಮ್ಮ. "ಅವಳಿಗೆ ಮುದ್ದೆ ಹಾಕಮ್ಮ."

"ನಂಗೂ ಅನ್ನಾನೇ ಸಾಕು" ಎಂದಳು ಪ್ರಮೋದಾ.

"ಮುದ್ದೆ ಹಾಕಮ್ಮ ಅವಳಿಗೆ. ದೊಡ್ಡದು ಹಾಕು."

ಹೆಂಗಸು ಇಬ್ಬರ ಮುಖವನ್ನೂ ನೋಡಿ ಮುದ್ದೆ ತಂದಿಟ್ಟಳು. ಅದು ದೊಡ್ಡದಾಗಿತ್ತು, ನುಣ್ಣಗೆ ಹೊಳೆಯುತ್ತಿತ್ತು, ಹಬೆ ಏಳುತ್ತಿತ್ತು. ಪಕ್ಕದಲ್ಲಿ ಹುರುಳಿಕಾಳಿನ ಸಾರು ಬಿದ್ದು ಎಲೆಯ ಮೇಲೆ ಹರಡಿತು. ಭಾಗ್ಯಮ್ಮ ತನ್ನ ಎಲೆಯ ಅನ್ನಕ್ಕೆ ಕೈ ಹಾಕಿರಲಿಲ್ಲ. ಮೊಣಕೈಯನ್ನು ಟೇಬಲ್ಲಿಗೆ ಊರಿ ಕೂತಿದ್ದಳು.

"ತಿನ್ನು. ತಣ್ಣಗಾದ್ರೆ ಗಟ್ಟಿ ಆಗ್ತದೆ."

ಪ್ರಮೋದಾ ಮುದ್ದೆಯ ಅಂಚಿನಲ್ಲಿ ಒಂದು ತುತ್ತು ಮುರಿದಳು. ಬೆರಳು ಸುಟ್ಟಿತು. ಸಾರಿಗೆ ಅದ್ದಿ ಬಾಯಿಗಿಟ್ಟು, ನಾಲಿಗೆಯ ಹಿಂದಕ್ಕೆ ತಳ್ಳಿದಳು. ತುತ್ತು ಅಲ್ಲಿಯೇ ನಿಂತಿತು. ಎದುರಿಗೆ ಭಾಗ್ಯಮ್ಮನ ಕಣ್ಣು ಅವಳ ಗಂಟಲ ಮೇಲಿತ್ತು. ಹೊರಗೆ ಲಾರಿಯೊಂದು ಸ್ಟಾರ್ಟ್ ಆಗಿ, ಹಿಂದಕ್ಕೆ ಬಂದು, ರಸ್ತೆಗೆ ಏರಿತು. ಪ್ರಮೋದಾ ತುತ್ತನ್ನು ನಾಲಿಗೆಯಿಂದ ಮುಂದಕ್ಕೆ ತಂದುಕೊಂಡು, ಮೆಲ್ಲಗೆ ಅಗಿಯತೊಡಗಿದಳು.